ಬಾಗಿಲು ತಟ್ಟುವ ಮೊದಲು, ತಟ್ಟಿದ ಮೇಲೆ: ವನ್ಯಜೀವಿ ಕೇಸಿನಲ್ಲಿ ಶೋಧ ಮತ್ತು ಜಪ್ತಿ

ಹೊಸದಾಗಿ ಕೆಲಸಕ್ಕೆ ಸೇರಿದ ಗಸ್ತು ಅರಣ್ಯ ಪಾಲಕರು ನನ್ನನ್ನು ಮೊದಲು ಕೇಳುವುದು ಒಂದೇ ಪ್ರಶ್ನೆ. “ಸಾರ್, ಮನೆ ಶೋಧ ಮಾಡೋಕೆ ವಾರಂಟ್ ಬೇಡ್ವಾ?” ಬೇಡ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಸೆಕ್ಷನ್ 50 ಅಷ್ಟು ದೊಡ್ಡ ಅಧಿಕಾರ ಕೊಟ್ಟಿದೆ. ಈ ಉತ್ತರ ಕೇಳಿ ಅವರ ಮುಖ ಅರಳುತ್ತದೆ. ನನಗೆ ಗಾಬರಿ ಶುರುವಾಗುವುದು ಅಲ್ಲೇ.

ಒಳಗೆ ಹೋಗುವುದು ಸುಲಭ. ಒಳಗೆ ಹೋಗಿ ಏನು ಮಾಡಿದಿರಿ ಅಂತ ಎಷ್ಟೋ ವರ್ಷ ಆದಮೇಲೆ ಜೆಎಂಎಫ್‌ಸಿ, ಅಂದರೆ ಪ್ರಥಮ ದರ್ಜೆ ಮ್ಯಾಜಿಸ್ಟ್ರೇಟ್ ಕೋರ್ಟಿನ ಕಟಕಟೆಯಲ್ಲಿ ನಿಂತು ಹೇಳಬೇಕಲ್ಲ, ಕಷ್ಟ ಇರುವುದು ಅಲ್ಲಿ. ಅಷ್ಟರಲ್ಲಿ ನಿಮಗೆ ಬೇರೆ ಕಡೆ ವರ್ಗ ಆಗಿರುತ್ತದೆ. ಮಾಂಸ ಯಾವತ್ತೋ ವಿಲೇವಾರಿ ಆಗಿರುತ್ತದೆ. ಪಂಚರಲ್ಲಿ, ಅಂದರೆ ಶೋಧಕ್ಕೆ ಸಾಕ್ಷಿಯಾಗಿ ನಿಂತವರಲ್ಲಿ, ಒಬ್ಬರು ತೀರಿಕೊಂಡಿರುತ್ತಾರೆ, ಇನ್ನೊಬ್ಬರು ಆರೋಪಿಯ ಮನೆ ಮದುವೆಗೆ ಹೋಗಿ ಉಂಡು ಬಂದಿರುತ್ತಾರೆ. ಉಳಿಯುವುದು ಆ ದಿನ, ಆ ಜಾಗದಲ್ಲೇ ಕೂತು ಬರೆದ ಮಹಜರು ಒಂದೇ.

ನಾನು ವಲಯ ಅರಣ್ಯಾಧಿಕಾರಿಯಾಗಿ ನಿವೃತ್ತನಾದವನು. ಸರ್ವೀಸಿನ ಹೆಚ್ಚು ಭಾಗ ಕಾಫಿ ಸೀಮೆಯಲ್ಲಿ ಕಳೆಯಿತು. ಇಲ್ಲಿ ಬರೆದಿರುವುದು ಹೊಸ ಹುಡುಗ ಹುಡುಗಿಯರಿಗೆ. ತೋಟದ ಮಾಲೀಕರು, ಪಂಚರಾಗಿ ಸಹಿ ಹಾಕಬೇಕಾದವರು ಓದಿದರೂ ಒಳ್ಳೆಯದೇ. ಮುಚ್ಚಿಡುವಂಥದ್ದು ಇದರಲ್ಲಿ ಏನೂ ಇಲ್ಲ.

ಅಧಿಕಾರ ಯಾರಿಗೆ, ಎಷ್ಟು

ಪೊಲೀಸರಾದರೆ ಸಬ್ ಇನ್‌ಸ್ಪೆಕ್ಟರ್ ದರ್ಜೆಗೆ ಕಡಿಮೆ ಇರಬಾರದು. ಕಾಯ್ದೆಗೆ 2022ರಲ್ಲಿ ತಿದ್ದುಪಡಿ ಆದಮೇಲೆ ಕಸ್ಟಮ್ಸ್ ಇನ್‌ಸ್ಪೆಕ್ಟರ್‌ಗಳಿಗೂ ಕೋಸ್ಟ್ ಗಾರ್ಡ್‌ನ ಅಸಿಸ್ಟೆಂಟ್ ಕಮಾಂಡೆಂಟ್‌ಗಳಿಗೂ, ಅವರ ಮೇಲಿನವರಿಗೂ ಈ ಅಧಿಕಾರ ಸಿಕ್ಕಿತು. ನಮ್ಮ ಇಲಾಖೆಗೆ ಮಾತ್ರ ಕಾಯ್ದೆ ದರ್ಜೆ ಹೇಳಿಲ್ಲ, “ಯಾವುದೇ ಅರಣ್ಯಾಧಿಕಾರಿ” ಅಂದಿದೆ. ಹೆಡ್ ಕಾನ್‌ಸ್ಟೆಬಲ್‌ಗೆ ಇಲ್ಲದ ಅಧಿಕಾರ ನಿನ್ನೆ ಸೇರಿದ ಗಾರ್ಡ್‌ಗೆ ಇದೆ. ತಲೆ ತಿರುಗುವುದು ಬೇಡ. ದಿನಗೂಲಿ ವಾಚರ್‌ಗಳು ನಮ್ಮ ಕಣ್ಣು, ಕಿವಿ ಎಲ್ಲ ಹೌದು. ಆದರೆ ಅವರೊಬ್ಬರನ್ನೇ ಶೋಧಕ್ಕೆ ಕಳಿಸಬೇಡಿ.

ಏನು ಮಾಡಬಹುದು? ಪ್ರಾಣಿ, ಮಾಂಸ, ಚರ್ಮ, ಕೊಂಬು, ಲೈಸೆನ್ಸ್, ಪರ್ಮಿಟ್ ಇದ್ದರೆ ತೋರಿಸಿ ಅನ್ನಬಹುದು. ಗಾಡಿ ನಿಲ್ಲಿಸಬಹುದು. ಮನೆ, ಜಮೀನು, ದೋಣಿ ಹೊಕ್ಕು ನೋಡಬಹುದು. ಚೀಲ ಬಿಚ್ಚಿಸಬಹುದು. ಸಿಕ್ಕಿದ್ದನ್ನು, ಅದಕ್ಕೆ ಬಳಸಿದ ಉರುಳು, ಕೋವಿ, ಗಾಡಿ ಸಮೇತ ಅಮಾನತು ಪಡಿಸಿಕೊಳ್ಳಬಹುದು. ಆಸಾಮಿ ಕೋರ್ಟಿಗೆ ಬರುತ್ತಾನೆ ಅನ್ನುವ ನಂಬಿಕೆ ಇಲ್ಲದಿದ್ದರೆ ವಾರಂಟ್ ಇಲ್ಲದೆ ಬಂಧಿಸಬಹುದು. ತೋರಿಸಿ ಅಂದಾಗ ಸರಿಯಾದ ಕಾರಣ ಇಲ್ಲದೆ ತೋರಿಸದೆ ಇರುವುದೂ ಒಂದು ಅಪರಾಧವೇ.

ಇಷ್ಟಕ್ಕೂ ಇರುವ ಬೀಗದ ಕೈ ಒಂದೇ: ಈ ವ್ಯಕ್ತಿ ಅಪರಾಧ ಮಾಡಿದ್ದಾನೆ ಅಂತ ನಂಬಲು ನಿಮಗೆ ಸರಿಯಾದ ಕಾರಣ ಇರಬೇಕು. ಅನುಮಾನ ಸಾಲದು. “ಆ ಕೇರಿಯವರೆಲ್ಲ ಬೇಟೆಯವರೇ ಸಾರ್” ಅನ್ನುವುದು ಕಾರಣ ಅಲ್ಲ, ಅದು ಹರಟೆ. “ನಿನ್ನೆ ರಾತ್ರಿ ಹತ್ತರ ಸುಮಾರಿಗೆ ಕೆರೆ ಏರಿ ಕಡೆಯಿಂದ ಎರಡು ಗುಂಡಿನ ಸದ್ದು ಕೇಳಿತು, ಬೆಳಿಗ್ಗೆ ಅಲ್ಲಿ ರಕ್ತದ ಕಲೆ ಮತ್ತು ಬೈಕಿನ ಟೈರ್ ಗುರುತು ಕಂಡಿತು, ಗುರುತು ತೋಟದ ಕೆಲಸಗಾರರ ಇಂಥ ಲೈನ್ ಮನೆಯವರೆಗೆ ಹೋಗಿದೆ” ಅನ್ನುವುದು ಕಾರಣ. ಸುಮ್ನೆ ಕಿರುಕುಳ ಕೊಡಲು ಜಪ್ತಿ ಮಾಡಿದರೆ ಅಧಿಕಾರಿಗೇ ಆರು ತಿಂಗಳವರೆಗೆ ಜೈಲು ಅಂತ ಇದೇ ಕಾಯ್ದೆಯ ಸೆಕ್ಷನ್ 53 ಹೇಳುತ್ತದೆ. ಸೆಕ್ಷನ್ 50ನ್ನು ಬಾಯಿಪಾಠ ಮಾಡಿದವರು 53ನ್ನು ಓದಿರುವುದೇ ಇಲ್ಲ.

ಶ್ರೀಗಂಧ, ಬೀಟೆ ಮರದ ಕೇಸು ಬೇರೆ. ಅದಕ್ಕೆ 1963ರ ಕರ್ನಾಟಕ ಅರಣ್ಯ ಕಾಯ್ದೆ ಇದೆ. ಎರಡನ್ನೂ ಒಂದೇ ಮಹಜರಿನಲ್ಲಿ ಕಲಸಬೇಡಿ.

ಹೊರಡುವ ಮೊದಲು

ಬಾತ್ಮಿ ಬಂದ ತಕ್ಷಣ ಜೀಪು ಹತ್ತಬೇಡಿ. ಮೊದಲು ಡೈರಿಯಲ್ಲಿ ಬರೆಯಿರಿ: ಎಷ್ಟು ಗಂಟೆಗೆ ಮಾಹಿತಿ ಬಂತು, ಏನು ಮಾಹಿತಿ, ಯಾಕೆ ನಂಬಿದಿರಿ, ಯಾರಿಗೆ ತಿಳಿಸಿದಿರಿ, ಎಷ್ಟು ಗಂಟೆಗೆ ಯಾರ್ಯಾರು ಹೊರಟಿರಿ. ಬಾತ್ಮಿದಾರರ ಹೆಸರು ಮಾತ್ರ ಎಲ್ಲೂ ಬೇಡ. ಆ ಮನುಷ್ಯ ನಾಳೆಯೂ ಅದೇ ಊರಲ್ಲಿ ಬದುಕಬೇಕು.

ಗಂಟೆ ಬರೆಯುವ ಬಗ್ಗೆ ನಾನು ಜಾಸ್ತಿ ಪಟ್ಟು ಹಿಡಿಯುತ್ತೇನೆ. ಆರೋಪಿ ಪರ ವಕೀಲರ ಮೊದಲ ಪ್ರಶ್ನೆಯೇ ಅದು. ಕಚೇರಿ ಬಿಟ್ಟಿದ್ದು 6.10 ಅಂತ ಡೈರಿಯಲ್ಲಿ ಇದೆ, ಮಹಜರು ಶುರುವಾಗಿದ್ದು 6.15 ಅಂತ ಇದೆ, ನಡುವೆ ಹದಿನೆಂಟು ಕಿಲೋಮೀಟರ್ ಘಾಟ್ ರಸ್ತೆ. ಹಾರಿಕೊಂಡು ಹೋದಿರಾ ಅಂತ ಕೇಳಿದರೆ ಕೋರ್ಟಲ್ಲಿ ಎಲ್ಲರೂ ನಗುತ್ತಾರೆ. ನಗು ಬಂದ ಕೇಸು ನಿಲ್ಲುವುದು ಅಪರೂಪ.

ಸಹಾಯಕ ಅರಣ್ಯ ಸಂರಕ್ಷಣಾಧಿಕಾರಿ, ಅಂದರೆ ಎಸಿಎಫ್ ದರ್ಜೆಯವರಿಗೆ, ಸರ್ಕಾರ ಅಧಿಕಾರ ಕೊಟ್ಟಿದ್ದರೆ, ಸರ್ಚ್ ವಾರಂಟ್ ಹೊರಡಿಸುವ ಅವಕಾಶ ಸೆಕ್ಷನ್ 50ರ 8ನೇ ಉಪವಿಭಾಗದಲ್ಲಿ ಇದೆ. ಸಮಯ ಇದ್ದರೆ ಅದನ್ನು ಪಡೆದೇ ಹೋಗಿ ಅನ್ನುವುದು ನನ್ನ ಸಲಹೆ. ಕಡ್ಡಾಯ ಅಲ್ಲ. ಆದರೆ ಮೇಲಿನ ಅಧಿಕಾರಿಯೊಬ್ಬರು ಕಾರಣ ಓದಿ ಸಹಿ ಹಾಕಿದ್ದಾರೆ ಅಂದಾಗ ನಿಮ್ಮ ಮಾತಿಗೆ ತೂಕ ಬರುತ್ತದೆ.

ಕಿಟ್ ಬ್ಯಾಗು ಯಾವಾಗಲೂ ಜೀಪಿನಲ್ಲೇ ಇರಲಿ. ಬಿಳಿ ಹಾಳೆ, ಕಾರ್ಬನ್, ಎರಡು ಪೆನ್ನು, ಸ್ಟ್ಯಾಂಪ್ ಪ್ಯಾಡು, ಅಳತೆ ಟೇಪು, ಬ್ಯಾಟರಿ ಹಾಕಿದ ತೂಕದ ಯಂತ್ರ, ಬಟ್ಟೆ ಚೀಲ, ಕಾಗದದ ಕವರು, ಸೂಜಿ ದಾರ, ಅರಗು, ಬೆಂಕಿಪೊಟ್ಟಣ, ಹಿತ್ತಾಳೆ ಸೀಲು, ಕೈಗವಸು, ಟಾರ್ಚು, ಮಾದರಿ ಹಾಕಲು ಆಲ್ಕೋಹಾಲ್ ತುಂಬಿದ ಸಣ್ಣ ಬಾಟಲಿಗಳು. ಮಳೆಗಾಲದಲ್ಲಿ ಬೆಂಕಿಪೊಟ್ಟಣ ಪ್ಲಾಸ್ಟಿಕ್ ಕವರಿನೊಳಗೆ ಇರಲಿ. ಆಗುಂಬೆ ಕಡೆ ಕೆಲಸ ಮಾಡಿದವರಿಗೆ ಇದನ್ನು ಹೇಳಬೇಕಾಗಿಲ್ಲ.

ತಂಡದಲ್ಲಿ ಒಬ್ಬ ಮಹಿಳಾ ಸಿಬ್ಬಂದಿ ಇರಲೇಬೇಕು. ಹೆಂಗಸರನ್ನು ಹೆಂಗಸರೇ, ಮರ್ಯಾದೆಯಿಂದ ತಪಾಸಣೆ ಮಾಡಬೇಕು ಅನ್ನುವುದು ಕಾನೂನು. ಸಿಬ್ಬಂದಿ ಕಡಿಮೆ ಅನ್ನುವ ಸಬೂಬು ನಡೆಯುವುದಿಲ್ಲ. ಪಕ್ಕದ ವಲಯದಿಂದ ಕರೆಸಿ.

ಪಂಚರು

ಬೇರೆಲ್ಲಕ್ಕಿಂತ ಜಾಸ್ತಿ ಕೇಸು ಬೀಳುವುದು ಪಂಚರ ವಿಷಯಕ್ಕೆ. ಆ ಪ್ರದೇಶದ, ಯಾರ ಕಡೆಗೂ ಸೇರದ, ಮರ್ಯಾದಸ್ಥ ಇಬ್ಬರು ಅಥವಾ ಹೆಚ್ಚು ಜನ ಇರಬೇಕು ಅಂತ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 103ನೇ ಸೆಕ್ಷನ್ ಹೇಳುತ್ತದೆ. 2024ರ ಜುಲೈ 1ರವರೆಗೆ ಇದೇ ಮಾತು ಹಳೆಯ ದಂಡ ಪ್ರಕ್ರಿಯಾ ಸಂಹಿತೆ, ಅಂದರೆ ಸಿಆರ್‌ಪಿಸಿಯ 100ರಲ್ಲಿ ಇತ್ತು.

ಕೆಲವು ಕಡೆ ಖಾಯಂ ಪಂಚರು ಇರುತ್ತಾರೆ. ಕಚೇರಿ ಎದುರಿನ ಟೀ ಅಂಗಡಿಯವರು, ಇಲಾಖೆ ಜೀಪಿನ ಹಳೆ ಡ್ರೈವರ್, ಯಾವುದೇ ಮಹಜರು ತೆಗೆದರೂ ಅವರದೇ ಸಹಿ. ವಕೀಲರು ಹಳೆಯ ನಾಲ್ಕು ಕೇಸಿನ ಕಾಗದ ತಂದು ಮೇಜಿನ ಮೇಲೆ ಇಟ್ಟರೆ ಮುಗಿಯಿತು. ನಮ್ಮ ವಾಚರ್‌ಗಳನ್ನಂತೂ ಪಂಚರಾಗಿ ಹಾಕಲೇಬೇಡಿ.

ಹಾಗಾದರೆ ಯಾರು? ತೋಟದ ಲೈನಿನಲ್ಲಿ ಎಲ್ಲರೂ ಒಬ್ಬರಿಗೊಬ್ಬರು ಸಂಬಂಧಿಕರು, ಇಲ್ಲ ಜಗಳಗಂಟರು. ಗ್ರಾಮ ಆಡಳಿತ ಅಧಿಕಾರಿ, ಶಾಲೆ ಮೇಷ್ಟ್ರು, ಸೊಸೈಟಿ ಸೆಕ್ರೆಟರಿ, ಪಂಚಾಯ್ತಿ ಬಿಲ್ ಕಲೆಕ್ಟರ್, ಇಂಥವರನ್ನು ಕೇಳಿ. ಸಹಾಯ ಕೇಳಿದಾಗ ಮಾಡುವುದು ಜನರ ಕರ್ತವ್ಯ ಅಂತ ಸೆಕ್ಷನ್ 50ರಲ್ಲೇ ಇದೆ. ಆದರೂ ಜೋರು ಮಾಡಬೇಡಿ. “ಕೋರ್ಟು ಸಮನ್ಸ್ ಕೊಟ್ಟರೆ ಮಾತ್ರ ಬರಬೇಕಾಗುತ್ತೆ, ಕಣ್ಣಾರೆ ಕಂಡದ್ದನ್ನು ಹೇಳಿದರೆ ಸಾಕು” ಅಂತ ಬಿಡಿಸಿ ಹೇಳಿದರೆ ಬರುವವರು ಬರುತ್ತಾರೆ. ಯಾರೂ ಬರದಿದ್ದರೆ ಯಾರ್ಯಾರನ್ನು ಕರೆದಿರಿ, ಏನು ಕಾರಣ ಕೊಟ್ಟರು ಅಂತ ಹೆಸರು ಸಮೇತ ಬರೆಯಿರಿ. ಸುಳ್ಳು ಪಂಚರಿಗಿಂತ ಪಂಚರು ಸಿಗಲಿಲ್ಲ ಅನ್ನುವ ನಿಜ ಎಷ್ಟೋ ಗಟ್ಟಿ.

ಬಾಗಿಲಲ್ಲಿ

ಹೆಸರು, ಹುದ್ದೆ, ಬಂದ ಕಾರಣ ಹೇಳಿ. ಗುರುತಿನ ಚೀಟಿ ಕೇಳುವ ಮೊದಲೇ ತೋರಿಸಿ. ಒಳಗೆ ಹೋಗುವ ಮೊದಲು ನಿಮ್ಮ ಜೇಬು, ಚೀಲ ಮನೆಯವರಿಗೂ ಪಂಚರಿಗೂ ತೋರಿಸಿ, ಹಾಗೆ ತೋರಿಸಿದ್ದನ್ನು ಮಹಜರಿನಲ್ಲಿ ಬರೆಯಿರಿ. “ಅವರೇ ತಂದು ಇಟ್ಟರು” ಅನ್ನುವ ಮಾತು ಅಲ್ಲಿಗೆ ಅರ್ಧ ಸಾಯುತ್ತದೆ.

ಒಬ್ಬರು ವಿಡಿಯೊ ಮಾಡುತ್ತಲೇ ಇರಲಿ. ಹೊಸ ಸಂಹಿತೆಯ 105ನೇ ಸೆಕ್ಷನ್ ಶೋಧ, ಜಪ್ತಿಯನ್ನು ಮೊಬೈಲಿನಲ್ಲಾದರೂ ಚಿತ್ರೀಕರಿಸಬೇಕು ಅನ್ನುತ್ತದೆ. ಅದು ನಮಗೆ ಎಷ್ಟರ ಮಟ್ಟಿಗೆ ಅನ್ವಯ ಅಂತ ವಕೀಲರು ವಾದ ಮಾಡಿಕೊಳ್ಳಲಿ, ನೀವು ಮಾಡಿಬಿಡಿ. ಬಾಗಿಲಿನಿಂದ ಶುರು ಮಾಡಿ ಸೀಲು ಹಾಕುವವರೆಗೆ ತುಂಡು ಮಾಡದೆ ತೆಗೆಯಿರಿ. ಸಿಕ್ಕಿದ ಮೇಲೆ ತೆಗೆದ ವಿಡಿಯೊದಲ್ಲಿ ಸಿಕ್ಕಿದ್ದು ಕಾಣುತ್ತದೆ, ಹೇಗೆ ಸಿಕ್ಕಿತು ಅನ್ನುವುದು ಕಾಣುವುದಿಲ್ಲ. ಆ ಮೊಬೈಲು ಯಾರದು ಅಂತ ಬರೆದಿಡಿ, ಮುಂದೆ ಸಾಕ್ಷ್ಯ ಅಧಿನಿಯಮದ 63ನೇ ಸೆಕ್ಷನ್ ಪ್ರಕಾರ ಪ್ರಮಾಣಪತ್ರ ಕೊಡಬೇಕಾಗುತ್ತದೆ. ಇಲಾಖೆಯ ವಾಟ್ಸಾಪ್ ಗ್ರೂಪಿಗೆ ಮಾತ್ರ ಹಾಕಬೇಡಿ. ಸಂಜೆಯೊಳಗೆ ಟಿವಿಯಲ್ಲಿ ಬರುತ್ತದೆ.

ಮನೆಯವರು ಜೊತೆಗೇ ಇರಲಿ. ಒಂದು ಕೋಣೆ ಮುಗಿಸಿ ಇನ್ನೊಂದಕ್ಕೆ ಹೋಗಿ, ನಾಲ್ಕು ಜನ ನಾಲ್ಕು ದಿಕ್ಕಿಗೆ ನುಗ್ಗುವುದು ಬೇಡ. ದೇವರ ಕೋಣೆಗೆ ಬೂಟು ಬಿಚ್ಚಿ ಹೋಗಿ. ನಿಮ್ಮ ಅಧಿಕಾರ ಇದರಿಂದ ಕಡಿಮೆ ಆಗುವುದಿಲ್ಲ. ಮಗು ಮಲಗಿದ್ದರೆ ಆ ಕೋಣೆ ಕೊನೆಗೆ ನೋಡಿ.

ಸಿಕ್ಕಿದ ಮೇಲೆ

ಕೈ ಹಾಕಬೇಡಿ. ಇದ್ದ ಜಾಗದಲ್ಲೇ, ಇದ್ದ ಹಾಗೇ ಫೋಟೊ ತೆಗೆಯಿರಿ, ಆಮೇಲೆ ಅಳತೆ, ಆಮೇಲೆ ಎತ್ತುವುದು.

ನಾನು ನೋಡಿದ ಮಹಜರುಗಳಲ್ಲಿ ಬಹಳಷ್ಟು ಹೀಗಿರುತ್ತವೆ: “ಸದರಿ ಆಸಾಮಿಯ ಮನೆಯನ್ನು ಶೋಧಿಸಲಾಗಿ ಸುಮಾರು 4 ಕೆಜಿ ಕಾಡುಹಂದಿ ಮಾಂಸ ದೊರೆತಿರುತ್ತದೆ.” ಈ ಒಂದು ಸಾಲಿನಲ್ಲಿ ಎಷ್ಟು ತೂತು ಇದೆ ನೋಡಿ. ಮನೆಯಲ್ಲಿ ಎಲ್ಲಿ? ಸುಮಾರು ಅಂದರೆ, ತೂಕ ಮಾಡಿಲ್ಲವಾ? ಕಾಡುಹಂದಿ ಅಂತ ಹೇಳಿದ್ದು ಯಾರು? ಮನೆ ಆಸಾಮಿಯದ್ದು ಅನ್ನುವುದಕ್ಕೆ ಏನಿದೆ?

ಹೀಗೆ ಬರೆಯಿರಿ: “ಅಡುಗೆ ಕೋಣೆಯ ಒಲೆಯ ಬಲಬದಿಗೆ ಇರುವ ಫ್ರಿಜ್ಜಿನ ಮೇಲಿನ ಖಾನೆಯಲ್ಲಿ, ನೀಲಿ ಬಣ್ಣದ ಪ್ಲಾಸ್ಟಿಕ್ ಕವರಿನಲ್ಲಿ, ಹೆಪ್ಪುಗಟ್ಟಿದ ಹಸಿ ಮಾಂಸದ 11 ತುಂಡುಗಳಿದ್ದು, ಅವುಗಳಲ್ಲಿ 3 ತುಂಡುಗಳಿಗೆ ಒರಟಾದ ಕಪ್ಪು ಕೂದಲಿರುವ ಚರ್ಮ ಅಂಟಿಕೊಂಡಿರುತ್ತದೆ. ಪಂಚರ ಸಮಕ್ಷಮ ಕವರು ಸಮೇತ ತೂಕ ಮಾಡಲಾಗಿ 4 ಕೆಜಿ 150 ಗ್ರಾಂ ಇರುತ್ತದೆ. ಮೇಲ್ನೋಟಕ್ಕೆ ಕಾಡುಹಂದಿಯದ್ದೆಂದು ಕಂಡುಬರುತ್ತದೆ.” ಆ “ಮೇಲ್ನೋಟಕ್ಕೆ” ಅನ್ನುವುದನ್ನು ಬಿಡಬೇಡಿ. ಯಾವ ಪ್ರಾಣಿ ಅಂತ ತೀರ್ಮಾನ ಮಾಡುವುದು ಲ್ಯಾಬು. ಅದರಲ್ಲೂ ಹಂದಿ ವಿಷಯ ಕಿರಿಕಿರಿ. ಕಾಡುಹಂದಿ, ಊರಹಂದಿ ಎರಡೂ ಮೂಲದಲ್ಲಿ ಒಂದೇ ಜಾತಿ. ಜಿಂಕೆಯನ್ನೂ ಕುರಿಯನ್ನೂ ಬೇರೆ ಮಾಡುವಷ್ಟು ಸುಲಭವಾಗಿ ಬರೀ ಮಾಂಸ ನೋಡಿ ಇವೆರಡನ್ನು ಬೇರೆ ಮಾಡಲು ಆಗುವುದಿಲ್ಲ. ಹಾಗಾಗಿ ಹಂದಿ ಕೇಸಿನಲ್ಲಿ ಕೂದಲು, ಚರ್ಮ, ತಲೆ, ಗೊರಸು, ಹಿತ್ತಿಲಲ್ಲಿ ಸುಟ್ಟ ಜಾಗ, ಉರುಳು ಇವನ್ನು ಹುಡುಕದೆ ಮಾಂಸ ಸಿಕ್ಕಿತು ಅಂತ ವಾಪಸ್ ಬರಬೇಡಿ.

ಉರುಳು ಅಂದೆ. ನಮ್ಮ ಕಡೆ ಬೈಕಿನ ಕ್ಲಚ್ ವೈರಿನಲ್ಲೇ ಮಾಡುತ್ತಾರೆ. ಮನೆಯಲ್ಲಿ ಕ್ಲಚ್ ವೈರಿನ ಸಿಂಬೆ ಸಿಕ್ಕಿದರೆ ಅದು ಉರುಳಲ್ಲ, ಬೈಕ್ ಇರುವ ಎಲ್ಲರ ಮನೆಯಲ್ಲೂ ಇರುತ್ತದೆ. ಕುಣಿಕೆ ಹಾಕಿದೆಯಾ, ಗಂಟಿನಲ್ಲಿ ಕೂದಲು ಸಿಕ್ಕಿಕೊಂಡಿದೆಯಾ, ಮರಕ್ಕೆ ಕಟ್ಟಿದ ತುದಿಯಲ್ಲಿ ತೊಗಟೆ ಅಂಟಿದೆಯಾ ನೋಡಿ. ಬೇಲಿಯಲ್ಲೇ ಹಾಕಿದ್ದು ಸಿಕ್ಕಿದರೆ ಬಿಚ್ಚುವ ಮೊದಲು ಕುಣಿಕೆಯ ಅಗಲ, ನೆಲದಿಂದ ಎತ್ತರ, ಜಿಪಿಎಸ್, ಹತ್ತಿರದ ಮರ, ಜಾಗದ ಚಕ್ಕುಬಂದಿ ಎಲ್ಲ ಬರೆಯಿರಿ.

ಕೊಂಬಿನ ಬುಡವನ್ನು ಹತ್ತಿರದಿಂದ ಫೋಟೊ ತೆಗೆಯದೆ ಮಹಜರು ಮುಗಿಸಬೇಡಿ. ಕಡವೆ, ಜಿಂಕೆ ಕೊಂಬು ತಾನಾಗಿ ಉದುರಿದ್ದಾದರೆ ಬುಡ ಗಂಟಿನ ಹಾಗೆ ಉಂಡೆಯಾಗಿ, ಒರಟಾಗಿ ಮುಗಿದಿರುತ್ತದೆ. ತಲೆಬುರುಡೆಯ ಮೂಳೆ ಅಂಟಿಕೊಂಡಿದ್ದರೆ, ಗರಗಸದ ಗೆರೆ ಕಂಡರೆ, ಅದು ಸತ್ತ ಪ್ರಾಣಿಯಿಂದ ಬಂದದ್ದು. ಉದುರಿದ್ದನ್ನು ಮನೆಗೆ ತಂದು ಇಟ್ಟುಕೊಳ್ಳುವುದೂ ಸರಿಯಲ್ಲ, ಅದು ಸರ್ಕಾರದ ಸ್ವತ್ತು, ಕೈಗೆ ಬಂದ 48 ಗಂಟೆಯೊಳಗೆ ಹತ್ತಿರದ ಪೊಲೀಸ್ ಠಾಣೆಗೋ ಅಧಿಕಾರ ಪಡೆದ ಅಧಿಕಾರಿಗೋ ತಿಳಿಸಬೇಕು, ಕೇಳಿದರೆ ಒಪ್ಪಿಸಬೇಕು. ಆದರೆ ಕಾಫಿ ಕೀಳುವಾಗ ಸಿಕ್ಕಿದ ಕೊಂಬು ಹೆಕ್ಕಿ ತಂದ ಅಜ್ಜಿಗೂ ಕಡವೆ ಹೊಡೆದವನಿಗೂ ವ್ಯತ್ಯಾಸ ಇರಬೇಕಲ್ವಾ? ಆ ವ್ಯತ್ಯಾಸ ಕೋರ್ಟಿಗೆ ಕಾಣಬೇಕಾದರೆ ನಿಮ್ಮ ಫೋಟೊದಲ್ಲಿ ಬುಡ ಕಾಣಬೇಕು.

ಕೊನೆಗೆ, ಯಾರ ವಶದಲ್ಲಿ ಇತ್ತು ಅನ್ನುವುದು. ವಸ್ತು ಒಬ್ಬರ ವಶದಲ್ಲಿ ಇತ್ತು ಅಂತ ನೀವು ತೋರಿಸಿದರೆ ಅದು ಅಕ್ರಮ ಅಲ್ಲ ಅಂತ ತೋರಿಸುವ ಹೊರೆ ಅವರ ಮೇಲೆ ಬೀಳುತ್ತದೆ, ಸೆಕ್ಷನ್ 57. ಆದರೆ ವಶ ತೋರಿಸುವುದು ನಿಮ್ಮ ಹೊಣೆ. ಲೈನ್ ಮನೆಗಳಲ್ಲಿ ಅಟ್ಟ ಎಲ್ಲ ಸಂಸಾರಕ್ಕೂ ಒಂದೇ ಇರುತ್ತದೆ. ಅಟ್ಟದ ಮೇಲೆ ಚರ್ಮ ಸಿಕ್ಕಿದರೆ ಯಾರದು? ಬೀಗದ ಕೈ ಯಾರ ಹತ್ತಿರ ಇತ್ತು, ಕರೆಂಟ್ ಬಿಲ್ ಯಾರ ಹೆಸರಲ್ಲಿದೆ, ಅದೇ ಚೀಲದಲ್ಲಿ ಯಾರ ರೇಷನ್ ಕಾರ್ಡು, ಯಾರ ಬಟ್ಟೆ ಇತ್ತು, ಎಲ್ಲ ಬರೆಯಿರಿ. ಮನೆಯ ಯಜಮಾನ ಅನ್ನುವ ಒಂದೇ ಕಾರಣಕ್ಕೆ ಮುದುಕರೊಬ್ಬರನ್ನು ಜೀಪಿಗೆ ಹತ್ತಿಸಿದರೆ ನಿಜವಾಗಿ ಹೊಡೆದವನು ಪಕ್ಕದ ಮನೆ ಜಗಲಿಯಲ್ಲಿ ಬೀಡಿ ಸೇದುತ್ತ ನೋಡುತ್ತಿರುತ್ತಾನೆ.

ಮಾದರಿ ಮತ್ತು ಸೀಲು

ಹಸಿ ಮಾಂಸದ ಸಣ್ಣ ತುಂಡು ಆಲ್ಕೋಹಾಲಿನಲ್ಲಿ. ಒಣಗಿದ ಚರ್ಮ, ಉಗುರು, ಕೂದಲು ಕಾಗದದ ಕವರಿನಲ್ಲಿ. ಫಾರ್ಮಲಿನ್ ಬೇಡವೇ ಬೇಡ, ಡಿಎನ್‌ಎ ಹಾಳಾಗುತ್ತದೆ. ಪ್ಲಾಸ್ಟಿಕ್ ಕವರಿಗೆ ಹಾಕಿ ಕಟ್ಟಿದ ಒದ್ದೆ ಚರ್ಮ ಹೈದರಾಬಾದಿನ ಸಿಸಿಎಂಬಿ ಲ್ಯಾಬ್ ಮುಟ್ಟುವ ಹೊತ್ತಿಗೆ ಬೂಷ್ಟು ಹಿಡಿದಿರುತ್ತದೆ. ಎರಡು ಮಾದರಿ ತೆಗೆಯಿರಿ. ಪ್ರತಿ ಪೊಟ್ಟಣದ ಮೇಲೆ ಚೀಟಿ, ಚೀಟಿಯ ಮೇಲೆ ಪಂಚರ ಸಹಿ, ನಿಮ್ಮ ಸಹಿ, ಆಸಾಮಿ ಹಾಕಿದರೆ ಅವರದೂ. ಹಾಕದಿದ್ದರೆ “ನಿರಾಕರಿಸಿದರು” ಅಂತ ಬರೆಯಿರಿ, ಬಲವಂತ ಬೇಡ.

ಬಾಯಿ ಹೊಲಿದು ಅರಗು ಹಾಕಿ. ಅದೇ ಸೀಲಿನ ಮಾದರಿಯನ್ನು ಮಹಜರಿನ ಹಾಳೆ ಮೇಲೂ ಒತ್ತಿ. ಪೊಟ್ಟಣ ಯಾರ ಕೈಯಿಂದ ಯಾರ ಕೈಗೆ, ಯಾವ ದಿನ ಹೋಯಿತು ಅಂತ ಮುದ್ದೆಮಾಲು, ಅಂದರೆ ಜಪ್ತಿ ಮಾಡಿದ ಮಾಲಿನ ರಿಜಿಸ್ಟರಿನಲ್ಲಿ ಸಾಲು ಬಿಡದೆ ಇರಬೇಕು. ಒಂದು ವಾರ ಯಾರದೋ ಬೀರುವಿನಲ್ಲಿ ಇತ್ತು ಅಂದರೆ ಆ ಬೀರುವಿನ ಕಥೆಯನ್ನೂ ಹೇಳಬೇಕಾಗುತ್ತದೆ.

ಜೀವ ಇರುವ ಪ್ರಾಣಿ ಸಿಕ್ಕಿದರೆ, ನಕ್ಷತ್ರ ಆಮೆ, ಗಿಳಿ, ಮಣ್ಣುಮುಕ್ಕ ಹಾವು, ಮೊದಲು ಅದರ ಜೀವ ನೋಡಿ. ಗೋಣಿಯಲ್ಲಿ ಕಟ್ಟಿ ಮುದ್ದೆಮಾಲಿನ ಕೋಣೆಯಲ್ಲಿ ಇಡುವಂತಿಲ್ಲ. ಪಶುವೈದ್ಯರಿಗೆ ತೋರಿಸಿ, ಫೋಟೊ ತೆಗೆದು, ಎಸಿಎಫ್‌ಗೆ ತಿಳಿಸಿ, ಮ್ಯಾಜಿಸ್ಟ್ರೇಟರ ಆದೇಶ ಪಡೆದು ಬನ್ನೇರುಘಟ್ಟದಂಥ ಪುನರ್ವಸತಿ ಕೇಂದ್ರಕ್ಕೋ ಕಾಡಿಗೋ ಕಳಿಸಿ.

ಕೋವಿ, ಗಾಡಿ, ಮೊಬೈಲು

ಕೋವಿ ಸಿಕ್ಕಿದರೆ ಮೊದಲು ಗುಂಡು ತೆಗೆಸಿ. ಗೊತ್ತಿರುವವರೇ ತೆಗೆಯಲಿ, ಶೋಕಿ ಬೇಡ. ನಂಬರು, ನಳಿಗೆ, ಕಂಪನಿ ಹೆಸರು ಬರೆಯಿರಿ. ನಳಿಗೆ ಮೂಸಿ ನೋಡಿ “ಈಗಷ್ಟೇ ಹಾರಿಸಿದ್ದು” ಅಂತ ಬರೆಯಬೇಡಿ, ಅದನ್ನು ಹೇಳುವುದು ಮಡಿವಾಳದ ವಿಧಿವಿಜ್ಞಾನ ಪ್ರಯೋಗಾಲಯ. ಕೊಡಗಿನಲ್ಲಿ ಇನ್ನೊಂದು ಎಚ್ಚರ ಬೇಕು. ಅಲ್ಲಿ ಕೊಡವರಿಗೂ ಜಮ್ಮಾ ಅನ್ನುವ ವಂಶಪಾರಂಪರ್ಯ ಜಮೀನಿನ ಹಿಡುವಳಿದಾರರಿಗೂ ಕೋವಿ ಲೈಸೆನ್ಸಿನಿಂದ ವಿನಾಯಿತಿ ಇದೆ. ಮನೆಯಲ್ಲಿ ಕೋವಿ ಇರುವುದೇ ಅನುಮಾನಕ್ಕೆ ಕಾರಣ ಅಂತ ಬೇರೆ ಜಿಲ್ಲೆಯಿಂದ ಬಂದವರು ತಿಳಿದುಕೊಳ್ಳುತ್ತಾರೆ. ಕೈಲ್ ಪೋಳ್ದ್ ಹಬ್ಬದಲ್ಲಿ ಕೋವಿಗೆ ಪೂಜೆ ಮಾಡುವ ಊರು ಅದು.

ಗಾಡಿಯ ಎಂಜಿನ್, ಛಾಸಿ ನಂಬರು, ಮೀಟರ್ ಎಷ್ಟು ಓಡಿದೆ, ಟೈರು, ಸ್ಟೆಪ್ನಿ, ಎಲ್ಲ ಪಟ್ಟಿ ಮಾಡಿ. “ನಿನ್ನ ಗಾಡಿ ಇನ್ನು ಸರ್ಕಾರದ್ದು” ಅಂತ ಹೆದರಿಸುವುದು ನಮ್ಮವರ ಚಾಳಿ. ಜಪ್ತಿ ಮಾಡಿದ ಮಾತ್ರಕ್ಕೆ ಗಾಡಿ ಸರ್ಕಾರದ್ದಾಗುವುದಿಲ್ಲ, ಅಪರಾಧಕ್ಕೆ ಬಳಸಿದ್ದು ಅಂತ ಕೋರ್ಟಿನಲ್ಲಿ ತೀರ್ಮಾನ ಆಗಬೇಕು, ಅಲ್ಲಿಯವರೆಗೆ ಮ್ಯಾಜಿಸ್ಟ್ರೇಟರು ತಾತ್ಕಾಲಿಕವಾಗಿ ಬಿಡಬಹುದು ಅಂತ ಮಧುಕರ್ ರಾವ್ ಪ್ರಕರಣದಲ್ಲಿ 2008ರಲ್ಲೇ ಸುಪ್ರೀಂ ಕೋರ್ಟ್ ಹೇಳಿದೆ. ಬಿಡುವ ಮೊದಲು ಎಲ್ಲ ಕಡೆಯಿಂದ ಫೋಟೊ ಇರಲಿ. ಸೀಟಿನ ಕೆಳಗೆ ರಕ್ತದ ಕಲೆ ಇದ್ದರೆ ಆ ಬಟ್ಟೆ ಕತ್ತರಿಸಿ ಮಾದರಿ ತೆಗೆದಿರಲಿ.

ಮೊಬೈಲನ್ನು ಏರೋಪ್ಲೇನ್ ಮೋಡಿಗೆ ಹಾಕಿ, ಐಎಂಇಐ ನಂಬರು ಬರೆದು ಸೀಲು ಮಾಡಿ. ಜೀಪಿನಲ್ಲಿ ಕೂತು ಅವರ ಗ್ಯಾಲರಿ ತಿರುವಬೇಡಿ.

ಬಂಧನ, ಹೇಳಿಕೆ, ಕೋರ್ಟು

ಬಂಧಿಸಲೇಬೇಕು ಅಂತ ಎಲ್ಲೂ ಇಲ್ಲ. ಬಂಧಿಸಿದರೆ ಕಾರಣ ಹೇಳಿ, ಬರೆದು ಕೊಡಿ, ಮನೆಯವರಿಗೆ ತಿಳಿಸಿ, ವೈದ್ಯರಿಗೆ ತೋರಿಸಿ, ದಾರಿಯ ಸಮಯ ಬಿಟ್ಟು 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ಹಾಜರು ಮಾಡಿ. ಹೆಂಗಸರನ್ನು ಸೂರ್ಯಾಸ್ತದ ಮೇಲೆ, ಸೂರ್ಯೋದಯದ ಮೊದಲು ಬಂಧಿಸುವುದು ಬೇಡ. ತೀರಾ ಅಸಾಧಾರಣ ಸಂದರ್ಭ ಬಂದರೆ ಅದಕ್ಕೆ ಮಹಿಳಾ ಅಧಿಕಾರಿಯೂ ಬೇಕು, ಮ್ಯಾಜಿಸ್ಟ್ರೇಟರ ಅನುಮತಿಯೂ ಬೇಕು. ಮನುಷ್ಯರಷ್ಟೇ ಅಲ್ಲ, ಜಪ್ತಿ ಮಾಡಿದ ವಸ್ತುವನ್ನೂ ತಡ ಮಾಡದೆ ಮ್ಯಾಜಿಸ್ಟ್ರೇಟರ ಗಮನಕ್ಕೆ ತರಬೇಕು. ಮುಖ್ಯ ವನ್ಯಜೀವಿ ಪರಿಪಾಲಕರಿಗೆ ಅಥವಾ ಅವರು ಅಧಿಕಾರ ಕೊಟ್ಟವರಿಗೂ ಮಾಹಿತಿ ಹೋಗಬೇಕು.

ತಪ್ಪೊಪ್ಪಿಗೆ ಹೇಳಿಕೆ ಬರೆಸುವುದರಲ್ಲಿ ನಮ್ಮವರಿಗೆ ಇರುವ ಉತ್ಸಾಹ ತೂಕ ಮಾಡುವುದರಲ್ಲಿ ಇರುವುದಿಲ್ಲ. ಏಟು ಕೊಟ್ಟು ಬರೆಸಿದ ಹೇಳಿಕೆ ಕಾಗದಕ್ಕೆ ದಂಡ, ಕೊಟ್ಟವರ ನೌಕರಿಗೂ ದಂಡ. ಅಧಿಕಾರ ಪಡೆದ ಎಸಿಎಫ್ ದರ್ಜೆಯವರು ಆರೋಪಿಯ ಎದುರಿನಲ್ಲೇ ದಾಖಲಿಸಿದ ಸಾಕ್ಷ್ಯಕ್ಕೆ ಮಾತ್ರ ಕಾಯ್ದೆಯಲ್ಲಿ ಬೇರೆಯೇ ಬೆಲೆ ಇದೆ, ವಿಚಾರಣೆಯಲ್ಲಿ ಅದನ್ನು ಒಪ್ಪಬಹುದು. ಆ ದಾರಿ ಹಿಡಿಯಿರಿ.

ಇನ್ನೊಂದು ವಿಷಯ ಪೊಲೀಸರಿಗೂ ಎಷ್ಟೋ ಸಲ ಹೊಸದು. ವನ್ಯಜೀವಿ ಕೇಸನ್ನು ಕೋರ್ಟು ಕೈಗೆತ್ತಿಕೊಳ್ಳುವುದು ಸೆಕ್ಷನ್ 55ರಲ್ಲಿ ಹೇಳಿದವರು ಲಿಖಿತ ದೂರು ಕೊಟ್ಟರೆ ಮಾತ್ರ. ಪೊಲೀಸರು ಹಿಡಿದು ಚಾರ್ಜ್‌ಶೀಟ್ ಹಾಕಿ ಕೂತರೆ ಆಗುವುದಿಲ್ಲ. ಹಾಗಾಗಿ ಠಾಣೆಯವರು ಹಿಡಿದ ದಿನವೇ ಹೋಗಿ ಕಾಗದ, ಮಾಲು ಯಾರ ಹತ್ತಿರ ಇರಬೇಕು ಅಂತ ಕೂತು ಮಾತಾಡಿ. ಹುಲಿ, ಚಿರತೆ, ಆನೆ, ಚಿಪ್ಪುಹಂದಿಯಂಥ ಮೊದಲ ಅನುಸೂಚಿಯ ಪ್ರಾಣಿಗಳ ಕೇಸಾದರೆ ಶಿಕ್ಷೆ ಮೂರು ವರ್ಷಕ್ಕೆ ಕಡಿಮೆ ಇಲ್ಲ, ಏಳು ವರ್ಷದವರೆಗೆ, ಜೊತೆಗೆ ಕನಿಷ್ಠ 25,000 ರೂಪಾಯಿ ದಂಡ. ಇಷ್ಟು ದೊಡ್ಡ ಶಿಕ್ಷೆಯ ಕೇಸು ದೂರು ಹಾಕಿದ್ದು ಯಾರು ಅನ್ನುವ ಪ್ರಶ್ನೆಗೆ ಬಿದ್ದುಹೋದರೆ ಹೊಟ್ಟೆ ಉರಿಯುತ್ತದೆ.

ಗೋಡೆಯ ಮೇಲಿನ ಕೊಂಬು, ಕತ್ತಿನ ಉಗುರು

2023ರ ಅಕ್ಟೋಬರ್‌ನಲ್ಲಿ ಟಿವಿ ರಿಯಾಲಿಟಿ ಶೋದ ಮನೆಯಿಂದಲೇ ಒಬ್ಬರನ್ನು ಹುಲಿ ಉಗುರಿನ ಲಾಕೆಟ್ ವಿಷಯಕ್ಕೆ ಕರೆದುಕೊಂಡು ಹೋದರಲ್ಲ, ಆಮೇಲೆ ಇಡೀ ರಾಜ್ಯ ತನ್ನ ಕತ್ತಿನ ಸರ ಮುಟ್ಟಿ ನೋಡಿಕೊಂಡಿತು. ನನಗೂ ನೆಂಟರಿಷ್ಟರ ಫೋನು ಬಂದದ್ದೇ ಬಂದದ್ದು. “ಅಣ್ಣಾ, ಅಜ್ಜನ ಕಾಲದ್ದು ಒಂದು ಇದೆ, ಏನು ಮಾಡಲಿ?”

ಅಂಗಡಿಯಲ್ಲಿ ಹುಲಿ ಉಗುರು ಅಂತ ಮಾರುವುದರಲ್ಲಿ ದನದ ಕೊಂಬು ಕೆತ್ತಿದ್ದು, ಪ್ಲಾಸ್ಟಿಕ್ ಎರಕ ಹೊಯ್ದದ್ದು ಎಷ್ಟೋ ಇರುತ್ತವೆ. ಅದಕ್ಕೇ ಸಿಬ್ಬಂದಿಗೆ ಹೇಳುವುದು, ಸ್ಥಳದಲ್ಲೇ “ಹುಲಿ ಉಗುರು ಸಿಕ್ಕಿತು” ಅಂತ ಟಿವಿಯವರ ಮೈಕಿನ ಮುಂದೆ ನಿಲ್ಲಬೇಡಿ. ಹಳೆ ಬಂಗಲೆಗಳ ಗೋಡೆಯ ಮೇಲೆ ಕೊಂಬು, ತಲೆ ಕಂಡರೆ ಮೊದಲು ಮಾಲೀಕತ್ವದ ಪ್ರಮಾಣಪತ್ರ ಕೇಳಿ. ಕಾಯ್ದೆ ಬಂದಾಗ ಘೋಷಿಸಿಕೊಂಡವರಿದ್ದಾರೆ, 2003ರಲ್ಲಿ ಮತ್ತೆ 180 ದಿನ ಅವಕಾಶ ಕೊಟ್ಟಾಗ ಘೋಷಿಸಿದವರೂ ಇದ್ದಾರೆ. ಪತ್ರ ಇದ್ದು, ವಸ್ತು ಅದರ ವಿವರಕ್ಕೆ ಹೊಂದಿದರೆ ಫೋಟೊ ತೆಗೆದುಕೊಂಡು, ಕೈಮುಗಿದು ಹೊರಡಿ. ಪತ್ರ ಅಪ್ಪನ ಹೆಸರಿನಲ್ಲಿ ಇದ್ದು ಅಪ್ಪ ತೀರಿಕೊಂಡಿದ್ದರೆ ವಾರಸುದಾರರು 90 ದಿನದೊಳಗೆ ಘೋಷಣೆ ಕೊಡಬೇಕಿತ್ತು, ಅದನ್ನು ಕೇಳಿ. ಇಟ್ಟುಕೊಳ್ಳಲು ಮನಸ್ಸಿಲ್ಲದ ಪತ್ರದಾರರು ಈಗ ಸೆಕ್ಷನ್ 42ಎ ಪ್ರಕಾರ ನೋಟಿಸ್ ಕೊಟ್ಟು ಒಪ್ಪಿಸಬಹುದು, ಪರಿಹಾರ ಏನೂ ಸಿಗುವುದಿಲ್ಲ. ನವಿಲುಗರಿಗೆ ಮಾತ್ರ ಯಾರ ಮನೆಯಲ್ಲೂ ರಂಪ ಮಾಡಬೇಡಿ. ಬಾಲದ ಗರಿಯನ್ನು ದೇಶದೊಳಗೆ ಇಟ್ಟುಕೊಳ್ಳಲು ಕಾಯ್ದೆಯಲ್ಲೇ ವಿನಾಯಿತಿ ಇದೆ.

ನಿಮ್ಮ ಮನೆ ಬಾಗಿಲಿಗೇ ಬಂದರೆ ಏನು ಅಂತ ಕೇಳುವವರಿಗೆ: ಅಡ್ಡ ನಿಲ್ಲಬೇಡಿ, ಓಡಬೇಡಿ, ಏನನ್ನೂ ಒಲೆಗೆ ಹಾಕಬೇಡಿ. ಗುರುತಿನ ಚೀಟಿ ಕೇಳಿ, ಯಾವ ಸೆಕ್ಷನ್, ಏನು ಕಾರಣ ಅಂತ ಕೇಳಿ, ಹೇಳಿದ್ದನ್ನು ಬರೆದುಕೊಳ್ಳಿ. ಕೋಣೆಯಿಂದ ಕೋಣೆಗೆ ಜೊತೆಯಲ್ಲೇ ಹೋಗಿ. ಖಾಲಿ ಹಾಳೆಗೆ, ಅರ್ಧ ಬರೆದ ಹಾಳೆಗೆ ಸಹಿ ಹಾಕಬೇಡಿ, ಪಂಚರಾಗಿ ಬಂದವರಿಗೂ ಇದೇ ಮಾತು. ಸಿಕ್ಕಿದ್ದಕ್ಕೂ ಬರೆದದ್ದಕ್ಕೂ ಹೊಂದದಿದ್ದರೆ ಅಲ್ಲೇ ಹೇಳಿ, ಒಪ್ಪದಿದ್ದರೆ ಸಹಿಯ ಪಕ್ಕದಲ್ಲಿ ನಿಮ್ಮ ಕೈಯಿಂದಲೇ ಒಂದು ಸಾಲು ಬರೆಯಿರಿ. ಜಪ್ತಿ ಪಟ್ಟಿಯ ಪ್ರತಿ ಕೇಳಿ ಪಡೆಯಿರಿ. “ನಾಳೆ ಕಚೇರಿಗೆ ಬನ್ನಿ, ಕೊಡುತ್ತೇವೆ” ಅಂದರೆ ಕಾರ್ಬನ್ ಪ್ರತಿಯಾದರೂ ಈಗಲೇ ಕೊಡಿ ಅನ್ನಿ, ಜೀಪಿನಲ್ಲಿ ಕಾರ್ಬನ್ ಇರುತ್ತದೆ.